ಛತ್ರ, ಗೋದಲಿ, ಸೂಜಿಗಣ್ಣು: ಬೈಬಲ್ ಹಿನ್ನೆಲೆಯ ಒಂದು ಪುಸ್ತಕವನ್ನು ಒರೆಗೆ ಹಚ್ಚಿದಾಗ

ಬೈಬಲಿನ ಹಿನ್ನೆಲೆ ಹೇಳುವ ಪುಸ್ತಕ ಯಾವುದೇ ಇರಲಿ, ಕೈಗೆ ಬಂದೊಡನೆ ಲೂಕ 2:7ರ ಪುಟ ತೆಗೆದು ನೋಡಿ. ಹಳೆಯ ಕನ್ನಡ ಸತ್ಯವೇದದಲ್ಲಿ ಅಲ್ಲಿ ‘ಛತ್ರ’ ಎಂದಿದೆ. ಮೈಸೂರು ಸೀಮೆಯವರಿಗೆ ಛತ್ರ ಎಂದರೆ ಕಂಬದ ಜಗಲಿ, ಯಾತ್ರಿಕರು, ಮದುವೆ ಊಟ. ಆದರೆ ಲೂಕ ಬರೆದ ಗ್ರೀಕ್ ಪದ ‘ಕತಾಲುಮ’. ಇದೇ ಪದ 22:11ರಲ್ಲಿ ಮತ್ತೆ ಬರುತ್ತದೆ. ಅಲ್ಲಿ ಅದು ಯೇಸು ಶಿಷ್ಯರೊಡನೆ ಪಸ್ಕದ (ಯೆಹೂದಿಗಳ ಬಿಡುಗಡೆಯ ಹಬ್ಬದ) ಊಟಕ್ಕೆ ಕೂತ ಮನೆಯ ಕೋಣೆ. ದುಡ್ಡು ಕೊಟ್ಟು ತಂಗುವ ಜಾಗವನ್ನು ಹೇಳಬೇಕಾದ ಕಡೆ, ಅಂದರೆ 10:34ರ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ, ಲೂಕ ಬೇರೆಯೇ ಪದ ಇಟ್ಟಿದ್ದಾನೆ: ‘ಪಂದೊಖೆಯೊನ್’. ಹಾಗಾಗಿ ನೆಂಟರ ಮನೆಯ ಅತಿಥಿ ಕೋಣೆ ಭರ್ತಿಯಾಗಿತ್ತು, ಮಗುವನ್ನು ದನ ಕಟ್ಟುವ ಕಡೆ ಮಲಗಿಸಿದರು ಎಂಬ ಓದಿಗೆ ಇಂದು ಒಳ್ಳೆಯ ಬಲವಿದೆ.

ಮಂಡ್ಯ ಕಡೆಯ ಹಳೆಯ ಮನೆ ಕಂಡವರಿಗೆ ಇದನ್ನು ಒಪ್ಪಿಸಬೇಕಾಗಿಯೇ ಇಲ್ಲ. ಒಂದೇ ಸೂರಿನಡಿ ಒಂದು ಕಡೆ ದನ, ಒಂದು ಮೆಟ್ಟಿಲು ಮೇಲೆ ಜನ, ನಡುವೆ ಗೋದಲಿ. ‘ಗೋದಲಿ’ ಎಂಬ ಪದವನ್ನೇ ಕನ್ನಡ ಅನುವಾದವೂ ಬಳಸಿದೆ. ದನಕ್ಕೇ ಬೇರೆ ಕಟ್ಟಡ ಇರುವ ನಾಡಿನಲ್ಲಿ ಕೂತು ಓದುವವನಿಗೆ ಮೂರು ಪ್ಯಾರಾ ವಿವರಣೆ ಬೇಕಾಗುವ ವಿಷಯ ಇಲ್ಲಿನ ಅಜ್ಜಿಗೆ ಒಂದು ಪದದಲ್ಲಿ ಗೊತ್ತಾಗುತ್ತದೆ. ಹಿನ್ನೆಲೆ ಪುಸ್ತಕ ಕೊಳ್ಳುವಾಗ ಕನ್ನಡದ ಓದುಗರು ಇದನ್ನು ಮರೆಯಬಾರದು. ನಮಗೆ ಗೊತ್ತಿಲ್ಲದ್ದನ್ನು ಹೇಳುವ ಪುಸ್ತಕ ನಮಗೆ ಬೇಕು. ನೊಗ ಎಂದರೇನು, ಕಣ ಎಂದರೇನು ಎಂದು ವಿವರಿಸುವ ಪುಟಗಳಿಗೆ ನಾವು ದುಡ್ಡು ಕೊಡಬೇಕಾಗಿಲ್ಲ.

ಇಲ್ಲಿ ಮುಖ್ಯವಾಗಿ ನೋಡುತ್ತಿರುವುದು ಕ್ರೇಗ್ ಕೀನರ್ ಬರೆದ ‘ಐವಿಪಿ ಬೈಬಲ್ ಬ್ಯಾಕ್‌ಗ್ರೌಂಡ್ ಕಾಮೆಂಟರಿ: ನ್ಯೂ ಟೆಸ್ಟಮೆಂಟ್’. ಮೊದಲ ಆವೃತ್ತಿ 1993ರದು, ಪರಿಷ್ಕೃತ ಎರಡನೆಯದು 2014ರದು. ಮತ್ತಾಯದಿಂದ ಪ್ರಕಟನೆಯವರೆಗೆ ಒಂದೊಂದು ಭಾಗವನ್ನೂ ಕ್ರಮವಾಗಿ ಹಿಡಿದು, ಆ ವಚನಗಳನ್ನು ಮೊದಲು ಕೇಳಿದವರಿಗೆ ಏನು ಗೊತ್ತಿತ್ತು ಎಂಬುದನ್ನಷ್ಟೇ ಹೇಳುವುದು ಇದರ ಕೆಲಸ. ಬೈಬಲ್ ಪಠ್ಯ ಇದರಲ್ಲಿ ಅಚ್ಚಾಗಿಲ್ಲ, ಪಕ್ಕದಲ್ಲಿ ಸತ್ಯವೇದ ತೆರೆದಿಟ್ಟುಕೊಂಡೇ ಓದಬೇಕು. ಕಷ್ಟದ ಪದದ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಅದರ ಅರ್ಥ ಹಿಂಬದಿಯ ಪದಕೋಶದಲ್ಲಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದದವರು ಮೊದಲ ವಾರ ಆ ಪದಕೋಶವನ್ನೇ ಓದಿ ಮುಗಿಸಿದರೆ ಮುಂದಿನ ದಾರಿ ಸಲೀಸು. ಕುಮ್ರಾನ್ (ಮೃತಸಮುದ್ರದ ಸುರುಳಿಗಳು ಸಿಕ್ಕ ಜಾಗ), ಮಿಷ್ನಾ (ಯೆಹೂದಿ ಗುರುಗಳ ಕಟ್ಟಳೆಗಳ ಸಂಗ್ರಹ), ಸ್ಟೋಯಿಕರು (ಗ್ರೀಕ್ ತತ್ತ್ವಪಂಥದವರು), ಪೋಷಕ ಮತ್ತು ಆಶ್ರಿತರ ಸಂಬಂಧ, ಇಂಥವು ನೂರಾರು ಸಲ ಎದುರಾಗುತ್ತವೆ.

ಛತ್ರದ ಪರೀಕ್ಷೆಯಲ್ಲಿ ಕೀನರ್ ಪಾಸಾಗುತ್ತಾರೆ, ಪದದ ಅರ್ಥ ಮನೆ ಅಥವಾ ಅತಿಥಿ ಕೋಣೆ ಇರಬಹುದೆಂದು ಹೇಳುತ್ತಾರೆ. ಇನ್ನೊಂದು ಪರೀಕ್ಷೆ ಸೂಜಿಗಣ್ಣಿನದು. ಐಶ್ವರ್ಯವಂತ ದೇವರ ರಾಜ್ಯಕ್ಕೆ ಸೇರುವುದಕ್ಕಿಂತ ಒಂಟೆ ಸೂಜಿಗಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಮಾತನ್ನು (ಮತ್ತಾಯ 19:24) ವಿವರಿಸುವಾಗ ಯೆರೂಸಲೇಮಿನಲ್ಲಿ ‘ಸೂಜಿಗಣ್ಣು’ ಎಂಬ ಪುಟ್ಟ ದಿಡ್ಡಿ ಬಾಗಿಲಿತ್ತು, ಹೊರೆ ಇಳಿಸಿ ಮಂಡಿಯೂರಿದರೆ ಒಂಟೆ ದಾಟುತ್ತಿತ್ತು ಎಂದು ಎಷ್ಟೋ ಪ್ರಸಂಗಗಳಲ್ಲಿ ಹೇಳುತ್ತಾರೆ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲಿತ್ತೆನ್ನಲು ಯಾವ ಆಧಾರವೂ ಇಲ್ಲ. ಕಥೆ ಮಧ್ಯಯುಗದ್ದು. ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ಬಾಬಿಲೋನಿನ ತಾಲ್ಮುದಿನಲ್ಲಿ ಆನೆ ಸೂಜಿಗಣ್ಣಿನಲ್ಲಿ ದಾಟುವ ಮಾತು ಬರುತ್ತದೆ, ಅದೂ ಆಗದ ಕೆಲಸಕ್ಕೆ ಉಪಮೆಯಾಗಿ. ಬಾಗಿಲಿನ ಕಥೆ ಆ ಮಾತಿನ ಮೊನೆಯನ್ನೇ ಮೊಂಡು ಮಾಡುತ್ತದೆ: ಆಗದು ಎಂದದ್ದು ಸ್ವಲ್ಪ ಬಗ್ಗಿದರೆ ಆಗುತ್ತದೆ ಎಂದಾಗಿಬಿಡುತ್ತದೆ. ಕೀನರ್ ಬಾಗಿಲನ್ನು ತಳ್ಳಿಹಾಕಿ ನಿಜವಾದ ಸೂಜಿಯನ್ನೇ ಉಳಿಸಿದ್ದಾರೆ.

ಯೇಸು ಪ್ರಾರ್ಥನೆಯಲ್ಲಿ ದೇವರನ್ನು ಕರೆದ ‘ಅಬ್ಬಾ’ ಎಂಬ ಪದದಲ್ಲಿ ನಮಗೊಂದು ಅನುಕೂಲವಿದೆ. ಅರಾಮಿಕ್ ಭಾಷೆಯ ಈ ಪದಕ್ಕೆ ತೊದಲು ಮಗುವಿನ ‘ಡ್ಯಾಡಿ’ ಎಂದು ಅರ್ಥ ಹೇಳುವ ರೂಢಿ ಇಂಗ್ಲಿಷಿನಲ್ಲಿ ಬಹಳ ಹಬ್ಬಿತ್ತು. 1988ರಲ್ಲಿ ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ ಅದನ್ನು ವಿವರವಾಗಿ ಅಲ್ಲಗಳೆದರು. ಬೆಳೆದ ಮಕ್ಕಳೂ ತಂದೆಯನ್ನು ಕರೆಯುತ್ತಿದ್ದದ್ದು ಹಾಗೆಯೇ. ಮಾರ್ಕ 14:36ರ ಟಿಪ್ಪಣಿಯಲ್ಲಿ ಕೀನರ್ ಪದದ ಆಪ್ತತೆಯನ್ನೂ ದೊಡ್ಡವರು ಬಳಸುತ್ತಿದ್ದುದನ್ನೂ ಒಟ್ಟಿಗೆ ಹೇಳುತ್ತಾರೆ. ಕನ್ನಡದಲ್ಲಿ ಈ ಜಗಳವೇ ಹುಟ್ಟುವುದಿಲ್ಲ. ಮೂರು ವರ್ಷದ ಮಗುವೂ ‘ಅಪ್ಪಾ’ ಅನ್ನುತ್ತದೆ, ಅರವತ್ತರ ಮಗನೂ ‘ಅಪ್ಪಾ’ ಅನ್ನುತ್ತಾನೆ. ಸಲಿಗೆ ಇದೆ, ಮರ್ಯಾದೆಯೂ ಇದೆ. ಇಂಗ್ಲಿಷ್ ಪುಸ್ತಕದ ‘ಡ್ಯಾಡಿ’ಯನ್ನು ತಂದು ಕನ್ನಡ ಪ್ರಸಂಗಕ್ಕೆ ತುರುಕುವವರು ಇದ್ದುದನ್ನೂ ಕಳೆಯುತ್ತಾರೆ.

ಇನ್ನು ಪುಸ್ತಕದ ದೊಡ್ಡ ಕೊರತೆಗೆ ಬರೋಣ. ಪುಟ ಪುಟದಲ್ಲೂ ‘ಯೆಹೂದಿ ಗುರುಗಳು ಹೀಗೆ ಹೇಳುತ್ತಿದ್ದರು’, ‘ರೋಮನ್ನರು ಹಾಗೆ ಭಾವಿಸುತ್ತಿದ್ದರು’ ಎಂಬ ವಾಕ್ಯಗಳಿವೆ. ಯಾವ ಗುರು, ಯಾವ ಗ್ರಂಥ, ಯಾವ ಶತಮಾನ ಎಂಬುದು ಹೆಚ್ಚಿನ ಕಡೆ ಇಲ್ಲ. ಸಭಾಪಾಲಕರಿಗೂ ಸಾಮಾನ್ಯ ಓದುಗರಿಗೂ ಒಂದೇ ಸಂಪುಟದಲ್ಲಿ ಮುಗಿಸಬೇಕೆಂಬ ಉದ್ದೇಶದಿಂದ ಬಿಟ್ಟದ್ದು ಅದು. ಲೇಖಕರಿಗೆ ಆಧಾರ ಗೊತ್ತಿಲ್ಲವೆಂದಲ್ಲ. ಅಪೊಸ್ತಲರ ಕೃತ್ಯಗಳ ಮೇಲೆ 2012ರಿಂದ 2015ರವರೆಗೆ ಬಂದ ಅವರ ನಾಲ್ಕು ಸಂಪುಟಗಳಲ್ಲಿ ಆಧಾರಗಳು ರಾಶಿ ಬಿದ್ದಿವೆ. ಆದರೂ ಕೈಯಲ್ಲಿ ಈ ಒಂದೇ ಪುಸ್ತಕ ಇರುವವನಿಗೆ ಲೇಖಕರ ಮಾತನ್ನು ನಂಬುವುದೊಂದೇ ದಾರಿ. ಅದು ಏಕೆ ತೊಂದರೆ ಎಂದು ತಿಳಿಯಲು ಕೆಲವು ಇಸವಿಗಳು ಬಾಯಲ್ಲಿರಬೇಕು.

ಯೆರೂಸಲೇಮಿನ ದೇವಾಲಯ ನಾಶವಾದದ್ದು ಕ್ರಿ.ಶ. 70. ಒಂದನೇ ಶತಮಾನದ ಯೆಹೂದಿ ಚರಿತ್ರೆಕಾರ ಜೋಸೆಫಸ್ ಯೆಹೂದಿ ಯುದ್ಧದ ಚರಿತ್ರೆ ಬರೆದದ್ದು ಅದೇ ದಶಕದಲ್ಲಿ, ‘ಪ್ರಾಚೀನ ಚರಿತ್ರೆ’ ಮುಗಿಸಿದ್ದು 93–94ರಲ್ಲಿ. ಮಿಷ್ನಾ ಗ್ರಂಥರೂಪಕ್ಕೆ ಬಂದದ್ದು ಸುಮಾರು 200ರಲ್ಲಿ. ಬಾಬಿಲೋನಿನ ತಾಲ್ಮುದ್ ಇನ್ನೂ ಮುನ್ನೂರು ವರ್ಷ ಆಚೆಯದು. ತಾಲ್ಮುದಿನ ಒಂದು ಮಾತನ್ನು ತಂದು ‘ಯೇಸುವಿನ ಕಾಲದ ಪದ್ಧತಿ ಹೀಗಿತ್ತು’ ಎನ್ನುವುದೂ, ಇಂದಿನ ಮೈಸೂರು ದಸರಾ ನೋಡಿ ವಿಜಯನಗರದ ಮಹಾನವಮಿ ಹೀಗೇ ಇತ್ತು ಎನ್ನುವುದೂ ಒಂದೇ. ಕೆಲವು ಅಂಶ ನಿಜಕ್ಕೂ ಉಳಿದು ಬಂದಿರಬಹುದು. ಯಾವುದು ಎಂದು ತೋರಿಸದೆ ಹೇಳಿದರೆ ಅದು ಊಹೆ.

ಇಂಥ ಊಹೆ ಹೇಗೆ ಗಟ್ಟಿಯಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ. ಮಹಾಯಾಜಕನು ಅತಿ ಪರಿಶುದ್ಧ ಸ್ಥಳಕ್ಕೆ ಹೋಗುವಾಗ ಕಾಲಿಗೆ ಹಗ್ಗ ಕಟ್ಟುತ್ತಿದ್ದರು, ಒಳಗೆ ಸತ್ತರೆ ಎಳೆದುಕೊಳ್ಳಲು ಎಂಬ ಕಥೆ ಯಾಜಕಕಾಂಡದಲ್ಲಿಲ್ಲ, ಜೋಸೆಫಸ್‌ನಲ್ಲಿಲ್ಲ, ಮಿಷ್ನಾದಲ್ಲೂ ಇಲ್ಲ. ಸಿಗುವುದು 13ನೇ ಶತಮಾನದ ಯೆಹೂದಿ ಅನುಭಾವಗ್ರಂಥ ಜೋಹರ್‌ನಲ್ಲಿ. ಯೇಸು ನರಕಕ್ಕೆ ಬಳಸಿದ ಹೆಸರಾದ ‘ಗೆಹೆನ್ನ’, ಅಂದರೆ ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆ, ಸದಾ ಉರಿಯುವ ಊರ ತಿಪ್ಪೆಯಾಗಿತ್ತು ಎಂಬುದಕ್ಕೆ ಹಳೆಯ ಆಧಾರ ಹುಡುಕಿದರೆ 1200ರ ಸುಮಾರಿನ ಯೆಹೂದಿ ವ್ಯಾಖ್ಯಾನಕಾರ ದಾವೀದ್ ಕಿಮ್ಹಿಯ ಕೀರ್ತನೆಗಳ ವ್ಯಾಖ್ಯಾನದ ಬಳಿ ನಿಲ್ಲುತ್ತೇವೆ. ಕಣಿವೆಗೆ ಆ ಭಯಂಕರ ಹೆಸರು ಬಂದ ಕಾರಣ ಬೈಬಲಿನಲ್ಲೇ ಇದೆ: ಯೆರೆಮೀಯ 7:31, 2 ಅರಸು 23:10. ಅಲ್ಲಿ ಮಕ್ಕಳನ್ನು ಬೆಂಕಿಗೆ ಆಹುತಿ ಕೊಡುತ್ತಿದ್ದರು. ಆ ಎರಡು ವಚನ ಓದಿಸದೆ ತಿಪ್ಪೆಯ ಕಥೆ ಹೇಳುವ ಟಿಪ್ಪಣಿ ಇದ್ದರೆ ಪುಸ್ತಕ ಕೆಳಗಿಡಿ. ಟಿಪ್ಪಣಿ ಸಮೇತ ಬರುವ ಕನ್ನಡ ಬೈಬಲ್‌ಗಳನ್ನೂ ಇದೇ ಪುಟಗಳಲ್ಲಿ ತೆರೆದು ನೋಡಬೇಕು; ಭಾಷೆ ನಮ್ಮದೆಂದು ರಿಯಾಯಿತಿ ಬೇಡ.

ಕೊರಿಂಥದ ವಿಷಯ ಇನ್ನೂ ನಾಜೂಕು. ಪ್ರೇಮದೇವತೆ ಅಫ್ರೊದಿತೆಯ ಗುಡಿಯಲ್ಲಿ ಸಾವಿರ ದೇವದಾಸಿಯರಿದ್ದರು ಎಂಬ ಮಾತು ಗ್ರೀಕ್ ಭೂಗೋಳಕಾರ ಸ್ಟ್ರಾಬೋನದು. ಅವನು ಹೇಳುತ್ತಿರುವುದು ಹಳೆಯ ಕೊರಿಂಥದ ವೈಭವವನ್ನು. ಆ ಊರನ್ನು ರೋಮನ್ನರು ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿದರು. ಪೌಲನು ಕಂಡದ್ದು ಕ್ರಿ.ಪೂ. 44ರಲ್ಲಿ ರೋಮನ್ ವಸಾಹತಾಗಿ ಹೊಸದಾಗಿ ಕಟ್ಟಿದ ಊರು. ಪೌಲನು ಅಲ್ಲಿದ್ದ ಕಾಲ ಮಾತ್ರ ಬಹಳ ಗಟ್ಟಿ: ಅಪೊಸ್ತಲರ ಕೃತ್ಯಗಳು 18:12ರ ರೋಮನ್ ಅಧಿಪತಿ ಗಲ್ಲಿಯೋನನ ಅಧಿಕಾರಾವಧಿ ದೆಲ್ಫಿಯ ಶಾಸನದಿಂದ ಸುಮಾರು 51–52 ಎಂದು ತಿಳಿದಿದೆ. ಸಾವಿರದ ಲೆಕ್ಕವನ್ನು ಪೌಲನ ಕಾಲಕ್ಕೆ ಅಂಟಿಸಿ, ಗಲ್ಲಿಯೋನನ ಶಾಸನವನ್ನು ಹೇಳದೆ ಬಿಡುವ ಪೀಠಿಕೆ ಇದ್ದರೆ, ಸಂಪಾದಕರು ಬೇರೊಬ್ಬರ ಪುಸ್ತಕ ನೋಡಿ ಬರೆದಿದ್ದಾರೆ ಎಂದೇ ಅರ್ಥ.

ಲವೊದಿಕೀಯದ ಸಭೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಉಗುರುಬೆಚ್ಚಗಿದೆ ಎಂಬ ಮಾತಿನ (ಪ್ರಕಟನೆ 3:15–16) ಹಿಂದಿನ ನೀರು ಕೃಷ್ಣರಾಜಸಾಗರದ ನಾಲೆ ನೀರು ನಂಬಿದ ಮಂಡ್ಯದವರಿಗೆ ಬೇಗ ಮುಟ್ಟುವ ಹಿನ್ನೆಲೆ. ಸುಮಾರು 10 ಕಿ.ಮೀ. ಆಚೆ ಹಿಯರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆ, ಇನ್ನೊಂದು ದಿಕ್ಕಿನ ಕೊಲೊಸ್ಸೆಯಲ್ಲಿ ತಣ್ಣೀರು, ಲವೊದಿಕೀಯಕ್ಕೆ ಮಾತ್ರ ಕೊಳವೆಯಲ್ಲಿ ಬಂದ, ಸುಣ್ಣ ಕಟ್ಟುವ ನೀರು. ಕೀನರ್ ಕೊಡುವುದೂ ನೀರಿನ ವಿವರವನ್ನೇ. ಇದರಿಂದ ಒಂದು ದೊಡ್ಡ ಉಪಕಾರವಾಗುತ್ತದೆ: ಬಿಸಿಯೂ ಒಳ್ಳೆಯದು, ತಂಪೂ ಒಳ್ಳೆಯದು, ‘ತಣ್ಣಗಿರುವುದು’ ಎಂದರೆ ನಂಬಿಕೆ ಇಲ್ಲದಿರುವುದಲ್ಲ ಎಂದು ತಿಳಿಯುತ್ತದೆ. ಆದರೆ ಇಲ್ಲೂ ಎರಡನೆಯ ಅಭಿಪ್ರಾಯ ಇದೆ. ಊರಿನ ಕೊಳಾಯಿಯಲ್ಲ, ಔತಣದಲ್ಲಿ ಅತಿಥಿಗೆ ಬಿಸಿಯಾಗಿಯೋ ತಂಪಾಗಿಯೋ ಕೊಡುತ್ತಿದ್ದ ಪಾನೀಯವೇ ಇದರ ಹಿನ್ನೆಲೆ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಅಲ್ಲೇ ಮುಂದೆ 3:20ರಲ್ಲಿ ಊಟದ ಮಾತು ಬರುವುದು ಅದಕ್ಕೆ ಒತ್ತಾಸೆ. ಎರಡನ್ನೂ ಹೇಳುವ ಟಿಪ್ಪಣಿ ಒಂದನ್ನೇ ಹೇಳುವುದಕ್ಕಿಂತ ಮೇಲು.

ದೇವಶಾಸ್ತ್ರದ ಒಲವು ಎಲ್ಲಿ ಕಾಣುತ್ತದೆ ಎಂದರೆ ಲೂಕ 2:2ರಲ್ಲಿ. ಯೇಸು ಹುಟ್ಟಿದ್ದು ಹೆರೋದನ ದಿನಗಳಲ್ಲಿ, ಕುರೇನ್ಯನ ಜನಗಣತಿಯ ಹೊತ್ತಿಗೆ ಎಂಬಂತೆ ಲೂಕ ಹೇಳುತ್ತಾನೆ. ಹೆರೋದನು ತೀರಿಕೊಂಡದ್ದು ಕ್ರಿ.ಪೂ. 4 ಎಂಬುದು ಹೆಚ್ಚಿನವರು ಒಪ್ಪುವ ಇಸವಿ. ಕುರೇನ್ಯನು ಸಿರಿಯದ ಅಧಿಪತಿಯಾಗಿ ಜನಗಣತಿ ಮಾಡಿಸಿದ್ದು ಜೋಸೆಫಸ್ ಪ್ರಕಾರ ಕ್ರಿ.ಶ. 6ರಲ್ಲಿ. ಸುಮಾರು ಒಂಬತ್ತು ವರ್ಷದ ಅಂತರ. ಸಂಪ್ರದಾಯನಿಷ್ಠ ಪುಸ್ತಕಗಳು ಸಾಮಾನ್ಯವಾಗಿ ಹೊಂದಾಣಿಕೆಯ ದಾರಿ ಹುಡುಕುತ್ತವೆ. ವಿಮರ್ಶಾತ್ಮಕ ಪುಸ್ತಕಗಳು ಲೂಕನು ಎರಡು ಘಟನೆ ಬೆರೆಸಿದ್ದಾನೆ ಎನ್ನುತ್ತವೆ. ಯಾವ ಕಡೆ ನಿಂತರೂ ಸರಿ, ತೊಡಕು ಇದೆಯೆಂದು ಓದುಗನಿಗೆ ಹೇಳಲೇಬೇಕು. ಏನೂ ಇಲ್ಲವೆಂಬಂತೆ ದಾಟಿಹೋಗುವ ಪುಸ್ತಕ ಬೇರೆ ಕಡೆಯೂ ದಾಟಿಹೋಗಿರುತ್ತದೆ. ಕೀನರ್ ಅವರದೂ ಒಂದು ನಿಲುವಿದೆ. ಸ್ತ್ರೀಯರ ಸಭಾಸೇವೆಯನ್ನು ಬೆಂಬಲಿಸಿ 1992ರಲ್ಲೇ ಪುಸ್ತಕ ಬರೆದವರು ಅವರು, ಆದ್ದರಿಂದ 1 ಕೊರಿಂಥ 11, 14 ಮತ್ತು 1 ತಿಮೊಥೆ 2ರ ಟಿಪ್ಪಣಿಗಳನ್ನು ಆ ಅರಿವಿನಿಂದ ಓದಬೇಕು. ತಲೆಮುಸುಕಿನ ಬಗ್ಗೆ ಅವರು ಕೊಡುವ ವಿವರ, ಅಂದರೆ ಸಿರಿವಂತರ ಕೇಶಾಲಂಕಾರ, ಉಳಿದವರ ಮುಸುಕು, ಕೂದಲಿಗಿದ್ದ ಕಾಮದ ನೆರಳು, ಒಂದೇ ಮನೆಸಭೆಯಲ್ಲಿ ಎರಡು ವರ್ಗದವರು ಕೂತಾಗ ಆಗುವ ಇರುಸುಮುರುಸು, ಬಹಳ ಉಪಯುಕ್ತ. ನಮ್ಮ ಸಭೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಸೆರಗು ತಲೆಗೇರುವುದರ ಬಗ್ಗೆ ಏನು ಹೇಳಬೇಕೆಂಬುದನ್ನು ಮಾತ್ರ ಹಿನ್ನೆಲೆ ಪುಸ್ತಕ ತೀರ್ಮಾನಿಸಲಾರದು. ಅದು ಬೇರೆ ಕೆಲಸ, ಬೇರೆ ಪುಸ್ತಕ.

ಇದೇ ಸಾಲಿನ ಹಳೆ ಒಡಂಬಡಿಕೆಯ ಸಂಪುಟ 2000ದ್ದು, ಜಾನ್ ವಾಲ್ಟನ್, ವಿಕ್ಟರ್ ಮ್ಯಾಥ್ಯೂಸ್, ಮಾರ್ಕ್ ಚವಲಾಸ್ ಬರೆದದ್ದು. ಹಮ್ಮುರಬಿಯ ಕಾನೂನು, ಬಾಬಿಲೋನಿನ ಸೃಷ್ಟಿಕಥೆ, ಹಿತ್ತಿಯರ ಒಪ್ಪಂದಪತ್ರಗಳು ಆದಿಕಾಂಡ, ವಿಮೋಚನಕಾಂಡ, ಧರ್ಮೋಪದೇಶಕಾಂಡಗಳನ್ನು ಹೇಗೆ ಬೆಳಗುತ್ತವೆ ಎಂಬುದಕ್ಕೆ ಒಂದೇ ಸಂಪುಟದಲ್ಲಿ ಇದು ಒಳ್ಳೆಯದು. ಪರೀಕ್ಷೆಗೆ ಆದಿಕಾಂಡ 15–16 ತೆಗೆಯಿರಿ. ಇರಾಕಿನ ಕಿರ್ಕುಕ್ ಬಳಿಯ ನೂಜಿ ಊರಿನ ಮಣ್ಣಿನ ಫಲಕಗಳಲ್ಲಿ ಅಬ್ರಹಾಮನ ಮನೆತನದ ಪದ್ಧತಿಗಳೇ ಇವೆ ಎಂದು 20ನೇ ಶತಮಾನದ ನಡುವಿನಲ್ಲಿ ತುಂಬ ಹೇಳುತ್ತಿದ್ದರು. 1974–75ರಲ್ಲಿ ವಿದ್ವಾಂಸರಾದ ಥಾಮಸ್ ಥಾಂಪ್ಸನ್, ಜಾನ್ ವಾನ್ ಸೀಟರ್ಸ್ ಆ ಹೋಲಿಕೆಗಳನ್ನು ಒಂದೊಂದಾಗಿ ಬಿಡಿಸಿದ ಮೇಲೆ ಅವುಗಳಲ್ಲಿ ಬಹಳಷ್ಟು ಬಿದ್ದುಹೋದವು. ನೂಜಿಯನ್ನು ಇನ್ನೂ ರುಜುವಾತೆಂಬಂತೆ ಮುಂದಿಡುವ ಪುಸ್ತಕ ಐವತ್ತು ವರ್ಷ ಹಿಂದಿದೆ. ಹೋಲಿಕೆ ಕಂಡಲ್ಲೆಲ್ಲ ಸಂಬಂಧ ಕಾಣುವ ಈ ಚಾಳಿಗೆ 1962ರಲ್ಲಿ ಸ್ಯಾಮುಯೆಲ್ ಸ್ಯಾಂಡ್ಮೆಲ್ ‘ಪ್ಯಾರಲಲೋಮೇನಿಯಾ’ ಎಂಬ ಹೆಸರನ್ನು ಬಳಕೆಗೆ ತಂದರು. ಹೋಲಿಕೆಯ ಹುಚ್ಚು ಅನ್ನಬಹುದು.

ಮೊಬೈಲ್ ಆ್ಯಪ್‌ಗಳಲ್ಲಿ ಪುಕ್ಕಟೆ ಸಿಗುವುದರ ಬಗ್ಗೆಯೂ ಎಚ್ಚರ ಬೇಕು. ಈಸ್ಟನ್ ಬೈಬಲ್ ಡಿಕ್ಷನರಿ 1893ರದು, ಎಡರ್ಶೈಮ್ ಬರೆದ ಯೇಸುವಿನ ಜೀವನ ಮತ್ತು ಕಾಲ 1883ರದು, ‘ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಬೈಬಲ್ ಎನ್‌ಸೈಕ್ಲೊಪೀಡಿಯಾ’ದ ಮೊದಲ ರೂಪ 1915ರದು. ಪುಕ್ಕಟೆ ಆಗಿರುವುದಕ್ಕೆ ಕಾರಣ ಹಕ್ಕುಸ್ವಾಮ್ಯ ಮುಗಿದಿರುವುದು. ಮೃತಸಮುದ್ರದ ಸುರುಳಿಗಳು ಸಿಗತೊಡಗಿದ್ದು 1947ರಲ್ಲಿ. ಪಿಲಾತನ ಹೆಸರಿನ ಕಲ್ಲು ಕೈಸರೈಯದಲ್ಲಿ ಸಿಕ್ಕಿದ್ದು 1961ರಲ್ಲಿ. ‘ದಾವೀದನ ಮನೆ’ ಎಂದು ಓದಲಾಗುವ ತೇಲ್ ದಾನ್ ಶಾಸನ 1993ರಲ್ಲಿ. ಇವುಗಳಲ್ಲಿ ಒಂದೂ ಆ ಪುಸ್ತಕಗಳಿಗೆ ಗೊತ್ತಿಲ್ಲ. ಎಡರ್ಶೈಮ್ ಓದಲು ಸೊಗಸು, ಆದರೆ ತಡವಾದ ಯೆಹೂದಿ ಗ್ರಂಥಗಳನ್ನು ಯೇಸುವಿನ ಕಾಲಕ್ಕೆ ಎಳೆಯುವುದರಲ್ಲಿ ಎಚ್ಚರ ಕಡಿಮೆ. ಪುಕ್ಕಟೆಯಲ್ಲಿ ನಿಜವಾಗಿ ಇಟ್ಟುಕೊಳ್ಳಬೇಕಾದದ್ದು ಜೋಸೆಫಸ್. ವಿಸ್ಟನ್ ಮಾಡಿದ ಇಂಗ್ಲಿಷ್ ಅನುವಾದ 1737ರದು, ಭಾಷೆ ಬಿಗಿ. ಆದರೂ ಮೂಲ ಸಾಕ್ಷಿಯೇ ಕೈಗೆ ಸಿಕ್ಕಂತೆ.

ಕೊಳ್ಳುವಾಗ ಹೀಗೆ ಮಾಡಿ. ಹೊದಿಕೆಯ ಮೇಲಿನ ಹೊಗಳಿಕೆ ಬಿಟ್ಟು ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿ. ಮರುಮುದ್ರಣದ ಇಸವಿ ಬೇರೆ, ಆವೃತ್ತಿಯ ಇಸವಿ ಬೇರೆ. ಭಾರತದ ಅಗ್ಗದ ಮುದ್ರಣದಲ್ಲಿ ಹೊಸ ಇಸವಿ ದಪ್ಪಗಿದ್ದು, ಒಳಗಿನದು 1993ರ ಪಠ್ಯವೇ ಆಗಿರಬಹುದು. ಆಮೇಲೆ ಸೂಜಿಗಣ್ಣು, ಗೆಹೆನ್ನ, ಕೊರಿಂಥ, ಲೂಕ 2:2, ಲೂಕ 2:7, ಈ ಐದನ್ನು ತೆಗೆದು ನೋಡಲು ಹದಿನೈದು ನಿಮಿಷ ಸಾಕು. ‘ಬಹುಶಃ’, ‘ಕೆಲವರ ಅಭಿಪ್ರಾಯದಲ್ಲಿ’ ಎಂಬ ಪದಗಳು ಸರಿಯಾದ ಜಾಗದಲ್ಲಿವೆಯೇ ನೋಡಿ. ಎಲ್ಲವನ್ನೂ ಒಂದೇ ದನಿಯಲ್ಲಿ ಖಚಿತವಾಗಿ ಹೇಳುವ ಪುಸ್ತಕ ಪ್ರಸಂಗಕ್ಕೆ ಹಿತ, ಸತ್ಯಕ್ಕೆ ಅಲ್ಲ. ಮೈಸೂರಿನಲ್ಲಿ ಕ್ರೈಸ್ತ ಪುಸ್ತಕದಂಗಡಿಗೆ ಹೋದರೆ ಬೈಬಲ್, ಗೀತೆಪುಸ್ತಕ, ಭಕ್ತಿಪುಸ್ತಕ ಸಿಗುವಷ್ಟು ಸುಲಭವಾಗಿ ಇಂಥ ದಪ್ಪ ವ್ಯಾಖ್ಯಾನ ಸಿಗದು. ತರಿಸಿಕೊಳ್ಳುವುದಾದರೆ ಆವೃತ್ತಿಯ ಇಸವಿಯನ್ನು ಬರೆದೇ ಕೊಡಿ, ‘ಸೆಕೆಂಡ್ ಎಡಿಷನ್’ ಎಂದು ಬಾಯಲ್ಲಿ ಹೇಳಿದ್ದು ದಾರಿಯಲ್ಲಿ ಕಳೆದುಹೋಗುತ್ತದೆ.

ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ ಸಂಡೇ ಸ್ಕೂಲ್ ಟೀಚರಿಗೂ ಮನೆಕೂಟ ನಡೆಸುವವರಿಗೂ ಕೀನರ್, ವಾಲ್ಟನ್ ಸೇರಿ ಸಂಪಾದಿಸಿದ 2016ರ ‘ಕಲ್ಚರಲ್ ಬ್ಯಾಕ್‌ಗ್ರೌಂಡ್ಸ್ ಸ್ಟಡಿ ಬೈಬಲ್’ ಮೇಲು. ಪಠ್ಯ, ಟಿಪ್ಪಣಿ, ನಕ್ಷೆ, ಚಿತ್ರ ಒಟ್ಟಿಗೇ ಇವೆ. ಎರಡು ಒಡಂಬಡಿಕೆಯೂ ಇದೆ. ಅಕ್ಷರ ಸಣ್ಣದು, ವಯಸ್ಸಾದವರು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಲಿ. ವಾರವಾರ ಪ್ರಸಂಗ ಮಾಡುವ ಅಯ್ಯನವರಿಗೆ ಕೀನರ್ ಸಂಪುಟವೇ ಸರಿ. ಅದರ ಜೊತೆಗೆ 2015ರ ‘ಸೌತ್ ಏಷ್ಯಾ ಬೈಬಲ್ ಕಾಮೆಂಟರಿ’ ಇದ್ದರೆ ತೂಕ ಸಮವಾಗುತ್ತದೆ. ಬ್ರಯನ್ ವಿಂಟಲ್ ಸಂಪಾದಕತ್ವದಲ್ಲಿ ಈ ಭಾಗದ ಲೇಖಕರೇ ಬರೆದದ್ದು, ಜಾತಿಯಂಥ ನಮ್ಮ ವಿಷಯಗಳಿಗೆ ಪ್ರತ್ಯೇಕ ಲೇಖನಗಳಿವೆ. ಪ್ರಾಚೀನ ಹಿನ್ನೆಲೆಯ ಆಳ ಅದರಲ್ಲಿ ಕಡಿಮೆ. ಕಥೋಲಿಕ ಓದುಗರಿಗೆ, ಹಾಗೆಯೇ ಮಾನಸಗಂಗೋತ್ರಿಯಲ್ಲಿ ಕ್ರೈಸ್ತ ಅಧ್ಯಯನ ಓದುವವರಿಗೆ, 1990ರ ‘ನ್ಯೂ ಜೆರೋಮ್ ಬಿಬ್ಲಿಕಲ್ ಕಾಮೆಂಟರಿ’ ಬೇಕಾಗುತ್ತದೆ. ಓದು ಕಷ್ಟ, ಆದರೆ ತೊಡಕನ್ನು ಮುಚ್ಚಿಡುವ ಅಭ್ಯಾಸ ಅದಕ್ಕಿಲ್ಲ. ಬೆಂಗಳೂರಿನ ಥಿಯಾಲಾಜಿಕಲ್ ಪಬ್ಲಿಕೇಷನ್ಸ್ ಇನ್ ಇಂಡಿಯಾ ಅದರ ಭಾರತೀಯ ಮುದ್ರಣ ತಂದಿತ್ತು. ಹಳೆಯ ಪ್ರತಿ ಸಿಕ್ಕರೆ ಬಿಡಬೇಡಿ.

ಓದುವ ಕ್ರಮದ ಬಗ್ಗೆ ಒಂದು ಮಾತು. ಭಾಗವನ್ನು ಕನ್ನಡದಲ್ಲಿ ಎರಡು ಸಲ ಓದಿ, ತೋಚಿದ ಪ್ರಶ್ನೆಗಳನ್ನು ಬರೆದಿಟ್ಟ ಮೇಲೆಯೇ ಕೀನರ್ ತೆರೆಯಿರಿ. ಮೊದಲೇ ಟಿಪ್ಪಣಿ ಓದಿದರೆ ವಚನ ಕಾಣುವುದೇ ಇಲ್ಲ, ಹಿನ್ನೆಲೆಯೇ ಮುನ್ನೆಲೆಗೆ ಬಂದು ಕೂರುತ್ತದೆ. ಮತ್ತಾಯ 3:12ನ್ನೇ ನೋಡಿ. ಕನ್ನಡದಲ್ಲಿ ‘ಮೊರ’ ಎಂದಿದೆ, ಕಣವನ್ನು ಹಸನು ಮಾಡುವ ಮಾತಿದೆ. ಗ್ರೀಕಿನ ‘ಪ್ತುವೊನ್’ ಮೊರವಲ್ಲ, ಕಾಳನ್ನು ಗಾಳಿಗೆ ಎಸೆಯುವ ಮರದ ಸಲಿಕೆ ಅಥವಾ ಕವಲುಗೋಲು. ಆದರೆ ರಾಗಿ ಕಣ ಬಲ್ಲವರು ಕೇಳುವ ಪ್ರಶ್ನೆ ಬೇರೆ: ಇದು ಕೇರುವುದೋ, ತೂರುವುದೋ? ತೂರುವುದು. ಕೂತು ಮೊರದಲ್ಲಿ ಕೇರುವ ಮನೆಗೆಲಸವಲ್ಲ, ಗಾಳಿ ಬಂದ ಹೊತ್ತಿಗೆ ಕಣದಲ್ಲಿ ಎದ್ದು ನಿಂತು ಮಾಡುವ ಕೆಲಸ. ಈ ಪ್ರಶ್ನೆಯನ್ನು ಮೊದಲೇ ಬರೆದಿಟ್ಟುಕೊಂಡವರಿಗೆ ಟಿಪ್ಪಣಿಯ ಎರಡು ಸಾಲಿನಲ್ಲಿ ಏನು ಹುಡುಕಬೇಕೆಂದು ಗೊತ್ತಿರುತ್ತದೆ.